ಏಣಿಯೂ ಶಾಲೆಯೂ: ಪ್ರಯೋಗಶಾಲೆ ಕಟ್ಟಿದವರ ಆತ್ಮಕಥನಗಳನ್ನು ಕುರಿತು

ವಿಜ್ಞಾನಿಗಳ ಆತ್ಮಕಥನವು ನಮ್ಮ ವಿಮರ್ಶೆಯ ಅಂಗಳಕ್ಕೆ ಇನ್ನೂ ಸಲ್ಲುವ ರೀತಿಯಲ್ಲಿ ಬಂದಿಲ್ಲ. ಕವಿಯ ಬಾಲ್ಯವನ್ನೂ ನಟನ ಬವಣೆಯನ್ನೂ ಅಕ್ಕರೆಯಿಂದ ಪರಾಮರ್ಶಿಸುವ ನಾವು, ಬರಿಯ ಕೊಠಡಿಯೊಂದನ್ನು ಪ್ರಯೋಗಶಾಲೆಯನ್ನಾಗಿ ಮಾಡಿದವರು ತಮ್ಮ ಕಥೆಯನ್ನು ಬರೆದರೆ ಅದಕ್ಕೆ ‘ಸಾಧಕರ ಚರಿತ್ರೆ’ಯೆಂದು ಹೆಸರಿಟ್ಟು, ಶಾಲೆಯ ವಾರ್ಷಿಕೋತ್ಸವದ ಬಹುಮಾನಕ್ಕೆ ತಕ್ಕುದೆಂದು ಬದಿಗಿಡುತ್ತೇವೆ. ಅದರಲ್ಲಿ ಹೇಳಿದುದೆಷ್ಟು, ಹೇಳದೆ ಬಿಟ್ಟುದೆಷ್ಟು, ಕೆಲಸದ ಸ್ವರೂಪವು ಅದರಲ್ಲಿ ಕಾಣುತ್ತದೆಯೇ ಎಂದು ಕೇಳುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಮೂವರು ಕನ್ನಡಿಗ ವಿಜ್ಞಾನಿಗಳ ಬರಹಗಳ ಮುಂದಿಡಬೇಕೆಂದಿದ್ದೇನೆ: ರಾಜಾ ರಾಮಣ್ಣನವರ ‘ಇಯರ್ಸ್ ಆಫ್ ಪಿಲ್ಗ್ರಿಮೇಜ್’ (1991), ಸಿ. ಎನ್. ಆರ್. ರಾವ್ ಅವರ ‘ಕ್ಲೈಂಬಿಂಗ್ ದಿ ಲಿಮಿಟ್‌ಲೆಸ್ ಲ್ಯಾಡರ್’ (2010), ಮತ್ತು ಬಿ. ಜಿ. ಎಲ್. ಸ್ವಾಮಿಯವರ ಕಾಲೇಜು ಹಾಗೂ ಕಾಡಿನ ಬರಹಗಳು. ಮೊದಲಿನ ಎರಡು ಇಂಗ್ಲಿಷಿನಲ್ಲಿವೆ. ಕೊನೆಯವು ಮಾತ್ರ ಕನ್ನಡದವು.

ಇದನ್ನು ಬರೆಯಲು ಒಂದು ನಿಮಿತ್ತವುಂಟು. ಡೊಂಬಿವಲಿಯಲ್ಲಿ ನಮ್ಮ ನೆರೆಯಲ್ಲಿರುವ, ಧಾರವಾಡದ ಕಡೆಯಿಂದ ಬಂದ ಕುಟುಂಬವೊಂದರ ಮಗಳು ಹೊರದೇಶದಲ್ಲಿ ಕೆಲವು ವರ್ಷ ಸಂಶೋಧನೆ ಮಾಡಿ, ಮರಳಿ ಬಂದು, ಒಂದು ವಿದ್ಯಾಸಂಸ್ಥೆಯಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿಕೊಂಡಳು. ಆಕೆಗೆ ದೊರೆತುದು ನಾಲ್ಕು ಗೋಡೆ, ಒಂದು ನಲ್ಲಿ, ಒಂದು ಸ್ವಿಚ್ಚಿನ ಹಲಗೆ. ಅದನ್ನು ಪ್ರಯೋಗಶಾಲೆಯನ್ನಾಗಿ ಮಾಡಬೇಕಾದವಳು ಆಕೆಯೇ. ಅನುದಾನದ ವಿನಿಯೋಗ ಪ್ರಮಾಣಪತ್ರವೆಂದರೇನು, ಮಾರ್ಚ್ 31ರ ಹೊತ್ತಿಗೆ ಖರ್ಚಾಗದ ಹಣದ ಗತಿಯೇನು ಎಂದು ಕೇಳಲು ಬ್ಯಾಂಕಿನವನಾದ ನನ್ನಲ್ಲಿಗೆ ಬಂದಿದ್ದಳು. ಅದನ್ನು ಹೇಳಿಕೊಡುವುದು ಕಷ್ಟವಾಗಲಿಲ್ಲ. ಆದರೆ ಹೊರಡುವ ಮುನ್ನ ಆಕೆ ಇನ್ನೊಂದು ಮಾತು ಕೇಳಿದಳು: ನಮ್ಮವರಲ್ಲಿ ಯಾರಾದರೂ ಈ ಕೆಲಸವನ್ನು ಹೇಗೆ ಮಾಡಿದೆವೆಂದು ಬರೆದಿಟ್ಟಿದ್ದಾರೆಯೇ, ಕಾಕಾ? ನಾನು ಉತ್ಸಾಹದಿಂದ ಎರಡು ಹೆಸರು ಹೇಳಿದೆನು. ಹೇಳಿದ ಮೇಲೆ ಅವನ್ನು ಮತ್ತೆ ಓದಿದೆನು. ಓದಿದ ಮೇಲೆ ನನ್ನ ಉತ್ತರವು ಅವಸರದ್ದಾಯಿತೆನ್ನಿಸಿತು.

ಮೊದಲು ಮಾತಿನ ವಿಚಾರ. ನಮ್ಮಲ್ಲಿ ಇದಕ್ಕೆ ಎರಡು ಪದಗಳಿವೆ, ಪ್ರಯೋಗಾಲಯ ಮತ್ತು ಪ್ರಯೋಗಶಾಲೆ. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ದೇವಾಲಯ, ಗ್ರಂಥಾಲಯಗಳ ಸಾಲಿನಲ್ಲಿ ಒಂದು ನಿಲ್ಲುತ್ತದೆ; ಪಾಕಶಾಲೆ, ಗೋಶಾಲೆ, ಪಾಠಶಾಲೆಗಳ ಸಾಲಿನಲ್ಲಿ ಇನ್ನೊಂದು. ಆಲಯವೆಂಬುದು ಒಳಗಿರುವುದನ್ನು ಇರಿಸಿಕೊಳ್ಳುವ ಮನೆ. ಶಾಲೆಯೆಂಬುದು ಕೆಲಸ ನಡೆಯುವ ಸೂರು. ಆಲಯಕ್ಕೆ ಸ್ಥಾಪಕರಿರುತ್ತಾರೆ, ಶಿಲಾನ್ಯಾಸವಿರುತ್ತದೆ, ದರ್ಶನವಿರುತ್ತದೆ. ಶಾಲೆಯಲ್ಲಿ ದಿನವೂ ಬೆಂಕಿ ಹೊತ್ತಿಸಬೇಕು, ಸೆಗಣಿ ಬಾಚಬೇಕು, ಹಾಜರಿ ಹಾಕಬೇಕು. ನಮ್ಮ ವಿಜ್ಞಾನಿಗಳ ಆತ್ಮಕಥನಗಳಲ್ಲಿ ಆಲಯದ ಭಾಗವು ಹೆಚ್ಚು, ಶಾಲೆಯ ಭಾಗವು ಕಡಮೆ ಎಂಬುದೇ ಈ ಲೇಖನದ ಮುಖ್ಯ ಆಕ್ಷೇಪ.

ಟ್ರಾಂಬೆಯಿಂದ ಆರಂಭಿಸುವುದು ನಮಗೆ ಸಹಜ. ನೆರೂಲಿನ ಕಡೆಯ ಖಾರಿಯ ದಂಡೆಯಲ್ಲಿ ನಿಂತು ನೋಡಿದರೆ ನೀರಿನಾಚೆ ಕಾಣುವ ಗುಡ್ಡವೇ ಅದು. ಅದರ ಬುಡದಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ನವಿ ಮುಂಬಯಿಯಲ್ಲಿ ಹಲವರಿದ್ದಾರೆ. ಈ ಸಂಸ್ಥೆಗಳ ಮೂಲಪುರುಷ ಹೋಮಿ ಭಾಭಾ ಅವರು 1944ರ ಮಾರ್ಚಿಯಲ್ಲಿ ಟಾಟಾ ಟ್ರಸ್ಟಿಗೆ ಬರೆದ ಪತ್ರದಿಂದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಹುಟ್ಟಿತು. ಅದು 1945ರಲ್ಲಿ ಕಣ್ತೆರೆದುದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಆ ವರ್ಷವೇ ಮುಂಬಯಿಗೆ ಬಂದಿತು. ತಮ್ಮ ರೀತಿಯನ್ನು ಭಾಭಾ ಅವರು 1966ರ ಜನವರಿಯಲ್ಲಿ, ಅಂದರೆ ಮರಣಕ್ಕೆ ಕೆಲವೇ ದಿನ ಮೊದಲು, ಮುಂಬಯಿಯಲ್ಲಿ ಮಾಡಿದ ಉಪನ್ಯಾಸದಲ್ಲಿ ವಿವರಿಸಿದ್ದಾರೆ. ಜರ್ಮನಿಯ ಕೈಸರ್ ವಿಲ್ಹೆಲ್ಮ್ ಸೊಸೈಟಿಯ ನೀತಿಯನ್ನು ಅವರು ಮುಂದಿಟ್ಟರು. ಮೊದಲು ಕಟ್ಟಡವೆಬ್ಬಿಸಿ ಆಮೇಲೆ ಅದಕ್ಕೆ ತಕ್ಕವನನ್ನು ಹುಡುಕುವುದಲ್ಲ, ಮೊದಲು ಯೋಗ್ಯನನ್ನು ಆರಿಸಿ ಅವನ ಸುತ್ತ ಸಂಸ್ಥೆಯನ್ನು ಬೆಳೆಸಬೇಕು ಎಂಬುದು ಅದರ ಸಾರ. ಸಾಲ ಕೊಡುವ ನಮ್ಮಂಥವರು ಹಿಂದಿನಿಂದಲೂ ಮಾಡಿಕೊಂಡು ಬಂದಿರುವುದೂ ಅದೇ: ಅಡಮಾನದ ಪತ್ರಕ್ಕಿಂತ ಮೊದಲು ಮನುಷ್ಯನನ್ನು ನೋಡುವುದು.

ಹಾಗೆ ಆರಿಸಲ್ಪಟ್ಟವರಲ್ಲಿ ರಾಮಣ್ಣನವರು ಒಬ್ಬರು. 1925ರಲ್ಲಿ ತುಮಕೂರಿನಲ್ಲಿ ಹುಟ್ಟಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು, 1949ರಲ್ಲಿ ಭಾಭಾ ಅವರ ಸಂಸ್ಥೆಯನ್ನು ಸೇರಿದರು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು ಚಾಲನೆಗೊಂಡಿತು. ಇಂಧನವು ಬ್ರಿಟನ್ನಿನದು, ಉಳಿದ ರಚನೆ, ನಿಯಂತ್ರಣದ ಎಲೆಕ್ಟ್ರಾನಿಕ್ ಸಾಧನಗಳು ಇಲ್ಲಿಯವರ ಕೈಕೆಲಸ. ರಾಮಣ್ಣನವರ ಪರಮಾಣು ವಿದಳನದ ಸಂಶೋಧನೆಗೆ ನ್ಯೂಟ್ರಾನುಗಳನ್ನು ಒದಗಿಸಿದುದು ಈ ಅಪ್ಸರೆಯೇ. ಮರುವರ್ಷ, 1957ರಲ್ಲಿ, ಟ್ರಾಂಬೆಯ ತರಬೇತಿ ಶಾಲೆ ಆರಂಭವಾಯಿತು. ನನ್ನ ದೃಷ್ಟಿಯಲ್ಲಿ ರಿಯಾಕ್ಟರಿಗಿಂತಲೂ ಇದು ಹೆಚ್ಚಿನ ನಿರ್ಮಾಣ. ಯಂತ್ರವು ಹಳತಾಗುತ್ತದೆ, ಅಪ್ಸರೆಯೂ 2009ರಲ್ಲಿ ನಿಂತು, 2018ರಲ್ಲಿ ಹೊಸ ಮೈ ತಾಳಿ ಎದ್ದಳು. ಆದರೆ ವರ್ಷ ವರ್ಷವೂ ಹೊಸ ಪದವೀಧರರನ್ನು ತೆಗೆದುಕೊಂಡು, ಒಂದು ವರ್ಷ ಕಲಿಸಿ, ಕೆಲಸಕ್ಕೆ ಹಚ್ಚುವ ಈ ಏರ್ಪಾಡು ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದಿದೆ.

ಇಷ್ಟು ದೊಡ್ಡ ವಿಷಯಕ್ಕೆ ‘ಇಯರ್ಸ್ ಆಫ್ ಪಿಲ್ಗ್ರಿಮೇಜ್’ ನ್ಯಾಯ ಸಲ್ಲಿಸಿದೆಯೇ? ಗ್ರಂಥವು ಸರಸವಾಗಿದೆ, ನಿಜ. ಮೈಸೂರು ಸಂಸ್ಥಾನದ ಬಾಲ್ಯ, ಪಿಯಾನೊ, ಭಾಭಾ ಅವರ ಸಹವಾಸ, ಪೋಖ್ರಾನಿನ 1974ರ ಸ್ಫೋಟ, ರಾಜಕಾರಣದ ಒಡನಾಟ ಇವೆಲ್ಲವೂ ಓದಿಸಿಕೊಂಡು ಹೋಗುತ್ತವೆ. ಸಂಗೀತವನ್ನು ಕುರಿತು ಬರೆಯುವಾಗ ಅವರ ಲೇಖನಿಗೆ ಬರುವ ಬಿಸುಪು ನಿಜವಾದುದು. ಆದರೆ ಗ್ರಂಥವು ಮುಂದುವರಿದಂತೆ ಪ್ರಯೋಗಶಾಲೆಯು ರಾಜ್ಯದ ನೆರಳಿನಲ್ಲಿ ಮರೆಯಾಗುತ್ತ ಹೋಗುತ್ತದೆ. ಮೇಜಿನ ಮೇಲಿನ ಕೌಂಟರು ಕೆಟ್ಟಾಗ ಏನು ಮಾಡಿದರು, ಮೊದಲ ಶಿಷ್ಯನಿಗೆ ಯಾವ ಸಮಸ್ಯೆಯನ್ನು ಕೊಟ್ಟರು, ಯಾವ ಪ್ರಯೋಗವನ್ನು ಕೈಬಿಟ್ಟರು ಎಂದು ಕುತೂಹಲಪಡುವ ಓದುಗನು ಮಂತ್ರಿಗಳ ಹೆಸರುಗಳ ನಡುವೆ ಕುಳಿತು ಕಾಯಬೇಕಾಗುತ್ತದೆ. ಯಾತ್ರೆಯೆಂಬ ಹೆಸರು ಅದಕ್ಕೆ ಒಪ್ಪುತ್ತದೆ. ಯಾತ್ರಿಕನು ಕ್ಷೇತ್ರಗಳನ್ನು ಎಣಿಸುತ್ತಾನೆ, ನಡೆದ ಹಾದಿಯ ಕಲ್ಲುಗಳನ್ನಲ್ಲ.

ರಾಜ್ಯದ ಕೆಲಸವೆಂದ ಮಾತ್ರಕ್ಕೆ ಮನುಷ್ಯರು ಮರೆಯಾಗಲೇಬೇಕೆಂದೇನೂ ಇಲ್ಲ. ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರು 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಆರ್ಯಭಟ ಉಪಗ್ರಹದ ಕೆಲಸವನ್ನು ಕೈಗೊಂಡರು. ಉಪಗ್ರಹವನ್ನು ಅದುವರೆಗೆ ಮಾಡಿದವರು ಆ ತಂಡದಲ್ಲಿ ಯಾರೂ ಇರಲಿಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಅದು ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರೊಳಗಿನ ವೈಜ್ಞಾನಿಕ ಪ್ರಯೋಗಗಳು ನಿಂತವು. ಬ್ಯಾಂಕಿನ ಲೆಕ್ಕದಲ್ಲಿ ಇದನ್ನು ವಸೂಲಾಗದ ಸಾಲವೆಂದು ಬರೆಯಬೇಕಾಗುತ್ತಿತ್ತು. ಆದರೆ ಅದೇ ಷೆಡ್ಡುಗಳ ಜನರು 1979ರಲ್ಲಿ ಭಾಸ್ಕರವನ್ನು ಕಳುಹಿಸಿದರು, ಆಮೇಲೆ ಬಂದವುಗಳು ಎಲ್ಲರಿಗೂ ತಿಳಿದಿವೆ. ಷೆಡ್ಡಿನಲ್ಲಿ ನಿಜವಾಗಿ ತಯಾರಾದುದು ಉಪಗ್ರಹವಲ್ಲ, ಉಪಗ್ರಹ ಮಾಡಬಲ್ಲವರು.

ಈಗ ಸಿ. ಎನ್. ಆರ್. ರಾವ್ ಅವರ ಗ್ರಂಥ. ಹೊಸದಾಗಿ ಪ್ರಯೋಗಶಾಲೆ ಕಟ್ಟುವವರಿಗೆ ಮೂರರಲ್ಲಿ ಅತ್ಯಂತ ಉಪಯುಕ್ತವಾದುದು ಇದೇ. ಏಕೆಂದರೆ ಈ ಕೆಲಸವನ್ನು ಒಂದಲ್ಲ, ಮೂರು ನಾಲ್ಕು ಸಲ ಮಾಡಿದವರು ಇವರು. 1934ರಲ್ಲಿ ಬೆಂಗಳೂರಿನಲ್ಲಿ ಜನನ. 17ನೆಯ ವಯಸ್ಸಿಗೆ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ.; ಕಾಶಿಯಲ್ಲಿ ಎಂ.ಎಸ್ಸಿ.; ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1958ರಲ್ಲಿ ಡಾಕ್ಟರೇಟ್. 1959ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಉಪನ್ಯಾಸಕರಾಗಿ ಬಂದರು. ಇಲ್ಲಿಯ ಒಂದು ಸಂಗತಿಯು ನನ್ನ ಗಮನವನ್ನು ಸೆಳೆಯಿತು. ಈ ಆರಂಭದ ವರ್ಷಗಳಲ್ಲಿಯೇ, 1961ರಲ್ಲಿ ನೇರಳಾತೀತ ರೋಹಿತವನ್ನು ಕುರಿತೂ 1963ರಲ್ಲಿ ಅವರಕ್ತ ರೋಹಿತವನ್ನು ಕುರಿತೂ ಇವರ ಎರಡು ಗ್ರಂಥಗಳು ಹೊರಬಂದವು. ಯಂತ್ರಗಳು ಬರುವುದಕ್ಕೆ ಕಾಲ ಹಿಡಿಯುತ್ತದೆ, ಗ್ರಂಥಭಂಡಾರವು ಬಾಗಿಲು ತೆರೆದೇ ಇರುತ್ತದೆ. ಇದನ್ನು ರಾವ್ ಅವರು ಸೂತ್ರವಾಗಿ ಹೇಳಿಲ್ಲ. ತಾರೀಖುಗಳನ್ನು ಅಕ್ಕಪಕ್ಕದಲ್ಲಿಟ್ಟು ನಾನು ಊಹಿಸಿದ್ದು. ಯಂತ್ರಕ್ಕಾಗಿ ಕಾಯುವ ಕಾಲವನ್ನು ವ್ಯರ್ಥವೆಂದು ಬಗೆಯದೆ, ಕ್ಷೇತ್ರವನ್ನೆಲ್ಲ ಓದಿ ಒಪ್ಪವಾಗಿ ಬರೆದವನು, ಯಂತ್ರ ಬಂದ ದಿನ ಅದರಿಂದ ಏನನ್ನು ಕೇಳಬೇಕೆಂದು ಬಲ್ಲನು.

1963ರಲ್ಲಿ ರಾವ್ ಅವರು ಕಾನ್ಪುರದ ಐಐಟಿಗೆ ಹೋದರು. ಆ ಸಂಸ್ಥೆಯ ಮೊದಲ ತರಗತಿಗಳು 1960ರಲ್ಲಿ ಇನ್ನೊಂದು ಕಾಲೇಜಿನ ಕ್ಯಾಂಟೀನ್ ಕಟ್ಟಡದಲ್ಲಿ ಆರಂಭವಾಗಿದ್ದವು. ನಿರ್ದೇಶಕರಾಗಿದ್ದ ಪಿ. ಕೆ. ಕೇಳ್ಕರ್ ಅವರು ಮುಂಬಯಿಯ ವಿ.ಜೆ.ಟಿ.ಐ.ಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಮೆರಿಕದ ಒಂಬತ್ತು ವಿಶ್ವವಿದ್ಯಾನಿಲಯಗಳ ಸಹಾಯವಿದ್ದಿತು. 1963ರಲ್ಲಿಯೇ ಅಲ್ಲಿಗೆ ಐ.ಬಿ.ಎಂ. 1620 ಕಂಪ್ಯೂಟರು ಬಂದಿತ್ತು. ಮೂವತ್ತರ ಆಸುಪಾಸಿನ ರಾವ್ ಅವರು ಅಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅವರು ಆರಿಸಿಕೊಂಡ ಘನಸ್ಥಿತಿ ರಸಾಯನಶಾಸ್ತ್ರ, ವಿಶೇಷವಾಗಿ ಲೋಹಗಳ ಆಕ್ಸೈಡುಗಳ ಅಧ್ಯಯನ, ಆಗ ಜನರು ಮುಗಿಬೀಳುವ ಕ್ಷೇತ್ರವಾಗಿರಲಿಲ್ಲ. ಮುಂದೆ 1976ರಲ್ಲಿ ಸತೀಶ್ ಧವನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿಗೆ ಮರಳಿ ಘನಸ್ಥಿತಿ ಮತ್ತು ರಾಚನಿಕ ರಸಾಯನಶಾಸ್ತ್ರ ಘಟಕವನ್ನು ತೆರೆದರು; 1984ರಿಂದ 1994ರವರೆಗೆ ಸಂಸ್ಥೆಯ ನಿರ್ದೇಶಕರಾದರು; 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವನ್ನು ಕಟ್ಟಿದರು.

ಈ ದೀರ್ಘ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡುದು 1987ರ ಪ್ರಸಂಗ. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಅವರು ಲ್ಯಾಂಥನಮ್, ಬೇರಿಯಮ್, ತಾಮ್ರಗಳ ಆಕ್ಸೈಡೊಂದು ಅದುವರೆಗೆ ಕಂಡಿರದ ಉಷ್ಣತೆಯಲ್ಲಿ ಅತಿವಾಹಕವಾಗುವುದೆಂದು ಪ್ರಕಟಿಸಿದರು. ಕೆಲವು ತಿಂಗಳಲ್ಲಿ ಜಗತ್ತಿನ ಪ್ರಯೋಗಶಾಲೆಗಳೆಲ್ಲ ಆ ಕಡೆಗೆ ಓಡಿದವು. ಬೆಂಗಳೂರಿನ ತಂಡವು ಓಡಬೇಕಾಗಿರಲಿಲ್ಲ. ಅದು ಅಲ್ಲಿಯೇ ಕುಳಿತಿತ್ತು. ಲ್ಯಾಂಥನಮ್ ತಾಮ್ರದ ಆಕ್ಸೈಡನ್ನು ಅವರು ಎಷ್ಟೋ ವರ್ಷ ಮೊದಲೇ ತಯಾರಿಸಿ, ಅಳೆದು, ಬರೆದಿಟ್ಟಿದ್ದರು. ಅದರಲ್ಲಿ ಅತಿವಾಹಕತೆಯಿದೆಯೆಂದು ಅವರಿಗೂ ಹೊಳೆದಿರಲಿಲ್ಲವೆಂಬುದು ಬೇರೆ ಮಾತು. ಆದರೆ ಪುಡಿಯನ್ನು ಹೇಗೆ ಅರೆಯಬೇಕು, ಕುಲುಮೆಯಲ್ಲಿ ಎಷ್ಟು ಹೊತ್ತು ಇಡಬೇಕು, ಆಮ್ಲಜನಕವು ಸ್ವಲ್ಪ ಹೆಚ್ಚುಕಡಮೆಯಾದರೆ ಗುಣವು ಹೇಗೆ ಬದಲಾಗುತ್ತದೆ ಎಂಬುದು ಅವರ ಬೆರಳುಗಳಿಗೆ ತಿಳಿದಿತ್ತು. ಆದುದರಿಂದ 1987ರ ಆರಂಭದಲ್ಲಿ ಯಿಟ್ರಿಯಮ್, ಬೇರಿಯಮ್, ತಾಮ್ರಗಳ ಆಕ್ಸೈಡು ದ್ರವಸಾರಜನಕದ ಉಷ್ಣತೆಗಿಂತ ಮೇಲೆ ಅತಿವಾಹಕವಾದಾಗ, ಅದನ್ನು ಸ್ವತಂತ್ರವಾಗಿ ತಯಾರಿಸಿ ಅದರ ರಚನೆಯನ್ನು ಗುರುತಿಸಿದವರ ಮೊದಲ ಸಾಲಿನಲ್ಲಿ ಬೆಂಗಳೂರು ನಿಂತಿತು. ಬಹುಕಾಲದ ಠೇವಣಿಗೆ ಒಂದು ದಿನ ಬಡ್ಡಿ ಬಂದಂತೆ ಇದು. ಅನುದಾನ ಕೊಡುವವರು ಎರಡು ವರ್ಷಕ್ಕೊಮ್ಮೆ ಫಲವೇನೆಂದು ಕೇಳುವ ಇಂದಿನ ಪದ್ಧತಿಯಲ್ಲಿ ಇಂಥ ಠೇವಣಿಯನ್ನು ಯಾವ ಹೆಸರಿನಲ್ಲಿ ಇಡಬೇಕೆಂದು ನನಗೆ ತೋರುವುದಿಲ್ಲ. ಎಸ್‌ಇಆರ್‌ಬಿ ಎಂಬ ಮಂಡಲಿಯು ಇದ್ದ ಕಾಲದಲ್ಲಿ ಹೊಸಬರಿಗೆ ಕೊಡುತ್ತಿದ್ದ ಆರಂಭಿಕ ಅನುದಾನವು ಎರಡು ವರ್ಷಕ್ಕೆ 30 ಲಕ್ಷ ರೂಪಾಯಿಯದು. ಕುಲುಮೆಯನ್ನು ಕೊಳ್ಳಲು ಅದು ಸಾಕಾದೀತು, ಬೆರಳುಗಳು ಪಳಗಲು ಎರಡು ವರ್ಷ ಸಾಲದು.

ಗ್ರಂಥದ ದೋಷವು ಅದರ ಹೆಸರಿನಲ್ಲಿಯೇ ಇದೆ. ಕೊನೆಯಿಲ್ಲದ ಏಣಿಯನ್ನು ಹತ್ತುವುದು ಎಂಬ ರೂಪಕವು ಸಂಶೋಧಕನ ಅತೃಪ್ತಿಗೆ ಒಪ್ಪುತ್ತದೆ, ಪ್ರಯೋಗಶಾಲೆಗೆ ಒಪ್ಪುವುದಿಲ್ಲ. ಏಣಿಯ ಮೇಲೆ ಒಂದು ಸಲಕ್ಕೆ ಒಬ್ಬನೇ ಹತ್ತಬಲ್ಲನು. ಕೆಳಗೆ ಅದನ್ನು ಹಿಡಿದುಕೊಂಡವರ ಮುಖವು ಹತ್ತುವವನಿಗೆ ಕಾಣಿಸದು. 1,500ಕ್ಕಿಂತ ಹೆಚ್ಚು ಸಂಶೋಧನ ಲೇಖನಗಳು ಒಬ್ಬರ ಹೆಸರಿನಲ್ಲಿ ಇವೆಯೆಂದರೆ ಅವುಗಳ ಹಿಂದೆ ಎಷ್ಟು ಜೊತೆಗಾರರ ಎಷ್ಟು ರಾತ್ರಿಗಳಿರಬೇಕು! ಅಷ್ಟು ದೊಡ್ಡ ಮನೆಯನ್ನು ಯಜಮಾನನು ಹೇಗೆ ನೋಡಿಕೊಂಡನು, ಯಾವ ಲೇಖನವನ್ನು ತಡೆದನು, ಶಿಷ್ಯನ ಬರಹವನ್ನು ಹೇಗೆ ತಿದ್ದಿದನು ಎಂಬುದು ಹೊಸಬರಿಗೆ ಬೇಕಾದ ವಿಷಯ. ಗ್ರಂಥವು ಬಂದ ಮರುವರ್ಷ, 2011ರಲ್ಲಿ, ಅವರ ಹೆಸರೂ ಇದ್ದ ಒಂದು ಲೇಖನದಲ್ಲಿ ಬೇರೆಯವರ ಕೆಲವು ವಾಕ್ಯಗಳು ಹಾಗೆಯೇ ಸೇರಿದ್ದುದು ಬೆಳಕಿಗೆ ಬಂದು, ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೋರಿದರು. ವಿಜ್ಞಾನದ ಫಲಿತಾಂಶಕ್ಕೆ ಅದರಿಂದ ಕುಂದು ಬಂದುದಿಲ್ಲ. ಹಿರಿಯರನ್ನು ಅಳೆಯಲು ಇದನ್ನು ಎತ್ತಿದುದೂ ಅಲ್ಲ. ಆದರೆ ಹೊಸ ಪ್ರಯೋಗಶಾಲೆಯ ಒಡತಿಗೆ ಏಣಿಯ ಮೇಲಿನ ಹತ್ತು ಮೆಟ್ಟಿಲುಗಳಿಗಿಂತ ಈ ಒಂದು ಪ್ರಸಂಗದಿಂದ ತಿಳಿಯುವುದು ಹೆಚ್ಚು.

ಏಣಿಯು ಬೇಡವಾದರೆ ಮತ್ತಾವ ರೂಪಕವು ತಕ್ಕುದು? ನನ್ನ ಕಸುಬಿನಿಂದ ಒಂದನ್ನು ತೆಗೆದುಕೊಳ್ಳಲು ಅನುಮತಿ ಬೇಡುತ್ತೇನೆ: ಕಿರ್ದಿ. ದಿನದ ಕಿರ್ದಿಯು ದಿನವೇ ಮುಗಿಯಬೇಕು, ನಾಳೆಯದು ಇಂದಿನ ಶಿಲ್ಕಿನಿಂದ ಆರಂಭವಾಗಬೇಕು, ಬರೆಯುವ ಕೈ ಬದಲಾದರೂ ಪುಟದ ಸಂಖ್ಯೆ ತಪ್ಪಬಾರದು. ಇದಕ್ಕೆ ನಮ್ಮ ಸುತ್ತಲಲ್ಲಿಯೇ ಅತ್ಯುತ್ತಮವಾದ ನಿದರ್ಶನವಿದೆ. ನ್ಯೂ ಪನ್ವೇಲಿನಲ್ಲಿರುವ ಭಾರತೀಯ ಭೂಕಾಂತತ್ವ ಸಂಸ್ಥೆಯ ಪೂರ್ವಜವಾದುದು ಕೊಲಾಬಾದ ವೇಧಶಾಲೆ. ಅಲ್ಲಿ ಭೂಮಿಯ ಕಾಂತಶಕ್ತಿಯ ಅಳತೆಗಳು 19ನೆಯ ಶತಮಾನದ ನಡುಭಾಗದಿಂದ ಬರೆಯಲ್ಪಡುತ್ತಿದ್ದವು. ಮುಂಬಯಿಯಲ್ಲಿ ವಿದ್ಯುತ್ ಟ್ರಾಮುಗಳು ಬರಲಿವೆಯೆಂದಾಗ, ಅವುಗಳ ಪ್ರವಾಹದಿಂದ ಸೂಕ್ಷ್ಮವಾದ ಅಳತೆಗಳು ಕೆಡುವುವೆಂದು ನಿರ್ದೇಶಕರಾಗಿದ್ದ ಎನ್. ಎ. ಎಫ್. ಮೂಸ್ ಅವರು ಅಲಿಬಾಗಿನಲ್ಲಿ ಕಾಂತಗುಣವಿಲ್ಲದ ಸಾಮಗ್ರಿಯಿಂದ ಹೊಸ ವೇಧಶಾಲೆಯನ್ನು ಕಟ್ಟಿಸಿದರು. ಅದು 1904ರಲ್ಲಿ ಕೆಲಸಕ್ಕೆ ತೊಡಗಿತು. ಆದರೆ ಕೊಲಾಬಾವನ್ನು ಅಂದೇ ಮುಚ್ಚಲಿಲ್ಲ. 1906ರವರೆಗೆ ಎರಡು ಕಡೆಯೂ ಒಟ್ಟಿಗೆ ಅಳತೆ ನಡೆಯಿತು. ಎರಡರ ಅಂತರವನ್ನು ತಿಳಿದ ಮೇಲೆಯೇ ಹಳೆಯದನ್ನು ನಿಲ್ಲಿಸಿದರು. ಅದರ ಫಲವಾಗಿ ಮುಂಬಯಿಯ ಕಾಂತಕಿರ್ದಿಯು ಒಂದೂವರೆ ಶತಮಾನಕ್ಕೂ ಮೀರಿ ಮುರಿಯದೆ ಉಳಿದಿದೆ. ಬ್ಯಾಂಕುಗಳು ಕೈಬರಹದ ಖಾತೆಗಳಿಂದ ಕಂಪ್ಯೂಟರಿಗೆ ಹೋದಾಗ ಕೆಲವು ಕಾಲ ಎರಡನ್ನೂ ಸಮನಾಗಿ ಬರೆದವರಿಗೆ ಮೂಸ್ ಅವರ ಬುದ್ಧಿಯ ಬೆಲೆ ತಿಳಿಯುತ್ತದೆ. ಅಲಿಬಾಗಿನ ಈ ಎರಡು ವರ್ಷಗಳನ್ನು ಯಾರೂ ಮಹಾಸಾಧನೆಯೆಂದು ಕೊಂಡಾಡುವುದಿಲ್ಲ. ಪ್ರಯೋಗಶಾಲೆಯನ್ನು ನಡೆಸುವುದೆಂದರೆ ಬಹುಮಟ್ಟಿಗೆ ಇದೇ.

ಈ ಕಣ್ಣಿನಿಂದ ಬಿ. ಜಿ. ಎಲ್. ಸ್ವಾಮಿಯವರನ್ನು ಓದಿದರೆ ನಾವು ಇದುವರೆಗೆ ಅವರಿಗೆ ಮಾಡಿರುವ ಅನ್ಯಾಯವು ಗೋಚರವಾಗುತ್ತದೆ. 1918ರಲ್ಲಿ ಡಿ.ವಿ.ಜಿ.ಯವರ ಮಗನಾಗಿ ಹುಟ್ಟಿ, ಆರ್ಕಿಡ್ ಸಸ್ಯಗಳ ಭ್ರೂಣವಿಜ್ಞಾನದಲ್ಲಿ ಹೆಸರು ಮಾಡಿ, ಹಾರ್ವರ್ಡಿನಲ್ಲಿ ಇರ್ವಿಂಗ್ ಬೇಲಿ ಅವರೊಡನೆ ದುಡಿದು, ಸಾರ್ಕಾಂಡ್ರದಲ್ಲಿ ಜಲನಾಳಗಳಿಲ್ಲವೆಂದು 1950ರಲ್ಲಿ ಬರೆದವರು. 1953ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರು, ಆಮೇಲೆ ಪ್ರಾಂಶುಪಾಲರು. ನಮ್ಮಂತೆಯೇ ಹೊರನಾಡ ಕನ್ನಡಿಗರು. ಅವರ ‘ಕಾಲೇಜು ರಂಗ’, ‘ಕಾಲೇಜು ತರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ಗಳನ್ನು ನಾವು ನಕ್ಕು ನಕ್ಕು ಓದಿದೆವು, ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲರು 1976ರಲ್ಲಿ ಚಲನಚಿತ್ರವಾಗಿಯೂ ಮಾಡಿದರು. ಆ ನಗೆಯಲ್ಲಿ, ಹೇಳುತ್ತಿರುವಾತನು ಏನನ್ನು ಉಳಿಸಿಕೊಳ್ಳಲು ಇಷ್ಟು ಗುದ್ದಾಡುತ್ತಿದ್ದಾನೆಂದು ಕೇಳುವುದನ್ನೇ ಮರೆತೆವು.

ಅವರು ಉಳಿಸಿಕೊಳ್ಳುತ್ತಿದ್ದುದು ಅವರ ಮೇಜನ್ನು. ಭ್ರೂಣವಿಜ್ಞಾನಿಯ ಪ್ರಯೋಗಶಾಲೆಯು ಬಡವನ ಮನೆಯಂಥದು. ಮೊಗ್ಗುಗಳನ್ನು ಬೇರೆ ಬೇರೆ ಪ್ರಾಯದಲ್ಲಿ ಕಿತ್ತು ತರಬೇಕು. ಫಾರ್ಮಲಿನ್, ಅಸಿಟಿಕ್ ಆಮ್ಲ, ಆಲ್ಕೊಹಾಲುಗಳ ಮಿಶ್ರಣದಲ್ಲಿ ಅವನ್ನು ಅದ್ದಿಡಬೇಕು. ಮೆಲ್ಲಮೆಲ್ಲನೆ ನೀರನ್ನು ಕಳೆದು ಮೇಣದಲ್ಲಿ ಹುದುಗಿಸಬೇಕು. ಮೈಕ್ರೊಟೋಮಿನಿಂದ ಕೂದಲಿಗಿಂತ ತೆಳ್ಳನೆಯ ಪದರಗಳಾಗಿ ಕೊಯ್ಯಬೇಕು. ಪಟ್ಟಿಯಂತೆ ಬರುವ ಆ ಪದರಗಳನ್ನು ಗಾಜಿನ ಮೇಲೆ ಅಂಟಿಸಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಡಿಯಲ್ಲಿ ಒಂದೊಂದಾಗಿ ನೋಡಬೇಕು. ಬೇಕಾದ ಒಂದು ಘಟ್ಟವು ನೂರು ಗಾಜುಗಳಲ್ಲಿ ಒಂದರಲ್ಲಿ ಸಿಕ್ಕೀತು, ಸಿಗದೆಯೂ ಹೋದೀತು. ಇಲ್ಲಿಯ ಐಶ್ವರ್ಯವೆಂದರೆ ಯಂತ್ರವಲ್ಲ. ಹೆಸರು, ಸ್ಥಳ, ತಾರೀಖು ಬರೆದ ಗಾಜುಗಳ ಪೆಟ್ಟಿಗೆಗಳು. ಕಿರ್ದಿಯೆಂದರೆ ಅದೇ. ಸರ್ಕಾರಿ ಕಾಲೇಜಿನ ವೆಚ್ಚಕ್ಕೆ ನಿಲುಕುವ ವಿಜ್ಞಾನ ಇದು. ಅಂಥ ಮೇಜಿನಿಂದ, ಎನ್. ಪರಮೇಶ್ವರನ್ ಅವರೊಡನೆ ಬರೆದ ಹೆಲೋಬಿಯಲ್ ಎಂಡೋಸ್ಪರ್ಮಿನ ಸಮೀಕ್ಷೆಯು 1963ರಲ್ಲಿ ಕೇಂಬ್ರಿಜ್ಜಿನ ‘ಬಯಲಾಜಿಕಲ್ ರಿವ್ಯೂಸ್’ ಪತ್ರಿಕೆಯವರೆಗೆ ಹೋಯಿತು. ಕೆ. ವಿ. ಕೃಷ್ಣಮೂರ್ತಿಯವರೊಡನೆ ಬರೆದ ಭ್ರೂಣವಿಜ್ಞಾನದ ಪಠ್ಯವು 1980ರಲ್ಲಿ, ಅವರು ತೀರಿಕೊಂಡ ವರ್ಷವೇ, ಹೊರಬಂದಿತು.

ಇದನ್ನು ಮನಸ್ಸಿನಲ್ಲಿಟ್ಟು ‘ಹಸುರು ಹೊನ್ನು’ವನ್ನು ತೆರೆಯಬೇಕು. 1978ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಗ್ರಂಥವನ್ನು ನಾವು ಪ್ರವಾಸಸಾಹಿತ್ಯವೆಂದೊ ಸಸ್ಯಪರಿಚಯವೆಂದೊ ವರ್ಗೀಕರಿಸಿದ್ದೇವೆ. ನನಗೆ ಅದು ಪ್ರಯೋಗಶಾಲೆಯ ಗ್ರಂಥವಾಗಿಯೇ ತೋರುತ್ತದೆ. ಪ್ರಾಧ್ಯಾಪಕನು ವಿದ್ಯಾರ್ಥಿಗಳನ್ನು ಪಶ್ಚಿಮಘಟ್ಟದ ಕಾಡಿಗೆ ಕರೆದೊಯ್ಯುತ್ತಾನೆ, ಗಿಡವನ್ನು ತೋರಿಸುತ್ತಾನೆ, ಅದರ ಹೆಸರು, ಉಪಯೋಗ, ಕಥೆ, ಕೋಟಲೆ ಹೇಳುತ್ತಾನೆ, ನಡುವೆ ಊಟ, ಮಳೆ, ಜಿಗಣೆ, ಹುಡುಗರ ಚೇಷ್ಟೆ. ಈ ಅಲೆದಾಟವು ಮೇಜಿನ ಕೆಲಸದ ಮೊದಲ ಅರ್ಧ. ಕಾಡು ಅಲ್ಲಿ ಪ್ರಯೋಗಶಾಲೆಯ ಉಗ್ರಾಣ. ಸ್ವಾಮಿಯವರೇ ಬರೆದ ರೇಖಾಚಿತ್ರಗಳು ಅಲಂಕಾರಕ್ಕೆ ಬಂದವಲ್ಲ. ಕಂಡುದನ್ನು ಗೆರೆಯಲ್ಲಿ ಹಿಡಿಯುವುದು ಭ್ರೂಣವಿಜ್ಞಾನಿಯ ನಿತ್ಯದ ಅಭ್ಯಾಸ. ಶಿಷ್ಯರನ್ನು ತಯಾರಿಸುವುದೆಂದರೇನೆಂದು ಕನ್ನಡದಲ್ಲಿ ಇಷ್ಟು ವಿವರವಾಗಿ ತೋರಿಸಿದ ಬೇರೆ ಬರಹವನ್ನು ನಾನು ಓದಿಲ್ಲ. ರಾಮಣ್ಣನವರೂ ರಾವ್ ಅವರೂ ಇಂಗ್ಲಿಷಿನಲ್ಲಿ ಬರೆದಾಗ ಅವರ ಎದುರಿಗೆ ರಾಷ್ಟ್ರವಿತ್ತು, ಜಗತ್ತಿನ ವಿಜ್ಞಾನಿಗಳಿದ್ದರು. ಅಲ್ಲಿ ಸಹಜವಾಗಿಯೇ ಪ್ರತಿಷ್ಠೆಯ ಉಡುಪು ಬೇಕಾಯಿತು. ಸ್ವಾಮಿಯವರು ಕನ್ನಡಕ್ಕೆ ಬಂದುದು ಮನೆಗೆ ಬಂದಂತೆ. ಕೋಟನ್ನು ಗೂಟಕ್ಕೆ ತಗುಲಿಹಾಕಿ ಜಗಲಿಯ ಮೇಲೆ ಕುಳಿತು ಹೇಳಿದರು. ಆದುದರಿಂದಲೇ ಶಾಲೆಯ ಸೆಗಣಿಯೂ ಬೆಂಕಿಯೂ ಅವರಲ್ಲಿ ಕಾಣುತ್ತವೆ.

ಸ್ವಾಮಿಯವರಲ್ಲಿ ಕೊರತೆ ಇಲ್ಲವೆಂದಲ್ಲ. ಆಡಳಿತದವರು ಅವರ ಬರಹದಲ್ಲಿ ಬಹುಮಟ್ಟಿಗೆ ನಗೆಗೆ ವಸ್ತು. ರಸೀದಿ ಕೇಳುವವನು ಮೂರ್ಖನೆಂಬ ಭಾವನೆಯು ವಿದ್ವಾಂಸರಲ್ಲಿ ಸಾಮಾನ್ಯ. ಅದನ್ನು ಅವರು ಮುರಿಯಲು ಯತ್ನಿಸಲಿಲ್ಲ. ಈ ಆಕ್ಷೇಪದಲ್ಲಿ ನನ್ನ ಜಾತ್ಯಭಿಮಾನವು ಸ್ವಲ್ಪ ಸೇರಿರಬಹುದು. ಸಿ. ವಿ. ರಾಮನ್ನರೇ 1907ರಿಂದ ಹತ್ತು ವರ್ಷ ಕಲ್ಕತ್ತೆ ಮುಂತಾದೆಡೆ ಹಣಕಾಸು ಇಲಾಖೆಯ ಲೆಕ್ಕಾಧಿಕಾರಿಯಾಗಿದ್ದು, ಕಚೇರಿಯ ಮುಂಚೆಯೂ ಆಮೇಲೆಯೂ ಬೌಬಜಾರಿನ ಪ್ರಯೋಗಶಾಲೆಯಲ್ಲಿ ದುಡಿದವರು. ಆದರೂ ಮುಂದೆ ಬೆಂಗಳೂರಿನಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿದಾಗ ಸರ್ಕಾರದ ಹಣಕ್ಕೂ ಅದರ ಹಿಂದೆ ಬರುವ ವರದಿಗಳಿಗೂ ದೂರವಿದ್ದರು. ಲೆಕ್ಕವನ್ನು ಬಲ್ಲವನಿಗೇ ಅದರ ಭಯ ಹೆಚ್ಚೇನೋ! ಬೌಬಜಾರಿನಲ್ಲಿ ಅವರಿಗೆ ಮೊದಲು ಬಾಗಿಲು ತೆರೆದು ಜೊತೆಗೆ ದುಡಿದ ಆಶುತೋಷ ಡೇ ಎಂಬ ಸಹಾಯಕರ ಹೆಸರು ಇಂದು ಎಷ್ಟು ಜನಕ್ಕೆ ನೆನಪಿದೆ? ಗಾಜು ಊದುವವರು, ಕುಲುಮೆ ಕಾಯುವವರು, ದಾಸ್ತಾನಿನ ಗುಮಾಸ್ತರು, ಇವರಿಗೆ ಮೇಲಿನ ಮೂರು ಬರಹಗಾರರಲ್ಲಿ ಯಾರೂ ಒಂದು ಅಧ್ಯಾಯವನ್ನು ಮೀಸಲಿಟ್ಟಂತಿಲ್ಲ.

ಮಹಿಳೆಯರ ವಿಷಯವಂತೂ ಹೇಳಬೇಕಾಗಿಲ್ಲ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಅಮೆರಿಕದ ಮಿಷಿಗನ್ನಿನಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ, ಪತಿಯೊಡನೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಶಾಲೆಯನ್ನು ಕಟ್ಟಿದರು. 2008ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯು ತಂದ ‘ಲೀಲಾವತೀಸ್ ಡಾಟರ್ಸ್’ ಸಂಕಲನದಲ್ಲಿ ಅವರ ವೃತ್ತಾಂತವು ಕೆಲವೇ ಪುಟಗಳಲ್ಲಿ ಬಂದಿದೆ. ಆ ಕೆಲವು ಪುಟಗಳು ಒಂದು ಗ್ರಂಥವಾಗಬೇಕಾಗಿತ್ತು, ಅದೂ ಕನ್ನಡದಲ್ಲಿ. ಖಾರ್ಘರಿನ ಕ್ಯಾನ್ಸರ್ ಸಂಶೋಧನ ಕೇಂದ್ರದಂಥ ಕಡೆಗಳಲ್ಲಿ, ಪನ್ವೇಲಿನಲ್ಲಿ, ಟ್ರಾಂಬೆಯಲ್ಲಿ ಇಂದು ಮೇಜು ಹಿಡಿದಿರುವ ನಮ್ಮ ಹೆಣ್ಣುಮಕ್ಕಳು ಆ ಗ್ರಂಥವನ್ನು ಎತ್ತಿಕೊಳ್ಳುತ್ತಿದ್ದರು.

ಎತ್ತಿಕೊಳ್ಳುತ್ತಿದ್ದರೇ? ಇಲ್ಲಿ ನಾನು ನನ್ನನ್ನೇ ತಡೆದುಕೊಳ್ಳಬೇಕಾಗಿದೆ. ನಿಮಿತ್ತಳಾದ ಆ ಹುಡುಗಿಗೆ ನಾನು ಕೊನೆಗೆ ಕೊಟ್ಟುದು ರಾವ್ ಅವರ ಗ್ರಂಥವನ್ನೂ ‘ಹಸುರು ಹೊನ್ನು’ವನ್ನೂ. ಮೊದಲನೆಯದನ್ನು ಎರಡು ರಾತ್ರಿಯಲ್ಲಿ ಓದಿ ಮುಗಿಸಿದಳು. ಎರಡನೆಯದರ ಮೊದಲ ಪುಟದಲ್ಲಿಯೇ ನಿಂತುಬಿಟ್ಟಳು. ಆಕೆ ಓದಿದುದು ಇಂಗ್ಲಿಷ್ ಮಾಧ್ಯಮದಲ್ಲಿ, ಶಾಲೆಯಲ್ಲಿ ಕಲಿತುದು ಮರಾಠಿ ಮತ್ತು ಹಿಂದಿ. ಕನ್ನಡವು ಆಕೆಗೆ ಕಿವಿಯ ಭಾಷೆ, ಕಣ್ಣಿನ ಭಾಷೆಯಲ್ಲ. ಕನ್ನಡದಲ್ಲಿ ಪ್ರಯೋಗಶಾಲೆಯ ಸಾಹಿತ್ಯವಿಲ್ಲವೆಂದು ದೂರುವ ನಾವು, ಇರುವ ಒಂದನ್ನು ಓದಬಲ್ಲ ಮಕ್ಕಳನ್ನು ಬೆಳೆಸಿದ್ದೇವೆಯೇ ಎಂಬ ಪ್ರಶ್ನೆಗೆ ಠಾಣೆಯಿಂದ ಕಲ್ಯಾಣದವರೆಗಿನ ನಮ್ಮ ಸಂಘಗಳೆಲ್ಲ ಉತ್ತರ ಹೇಳಬೇಕು. ನನ್ನ ಮನೆಯೂ ಅದಕ್ಕೆ ಹೊರತಲ್ಲ.

ಈಗ ಆಕೆಯ ತಾಯಿ ರಾತ್ರಿ ಊಟವಾದ ಮೇಲೆ ದೂರವಾಣಿಯಲ್ಲಿ ದಿನಕ್ಕೆ ಎರಡು ಮೂರು ಪುಟ ಓದಿ ಹೇಳುತ್ತಾರೆ. ಗಿಡಗಳ ಹೆಸರು ಬಂದಲ್ಲಿ ತಾಯಿ ತೊದಲುತ್ತಾರೆ, ಮಗಳು ಲ್ಯಾಟಿನ್ ಹೆಸರನ್ನು ತಿದ್ದುತ್ತಾಳೆ. ಊರಿನ ಮಾತು ಬಂದಲ್ಲಿ ಮಗಳು ಕೇಳುತ್ತಾಳೆ, ತಾಯಿ ಬಿಡಿಸುತ್ತಾರೆ. ಕೊಠಡಿಗೆ ಮೂರು ಫೇಸಿನ ವಿದ್ಯುತ್ತು ಬಂದಿದೆಯಂತೆ. ಯಂತ್ರವು ಇನ್ನೂ ಬಂದಿಲ್ಲ. ಮೊದಲ ಶಿಷ್ಯೆ ಜೂನಿನಲ್ಲಿ ಸೇರುತ್ತಾಳೆ.